ಒಪ್ಪಿಗೆಯಿಲ್ಲದೆ ಎಂಪಿಎಫ್‌ಐ ಇಂಜಿನ್‌ಗೆ ಕಾರ್ಬ್ಯುರೇಟರ್ ಕೂರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕಾರು ದುರಸ್ತಿ ವಿಭಾಗ, ಬೆಂಗಳೂರು

ವಿಷಯ: 2004ನೇ ಮಾಡೆಲ್ ಮಾರುತಿ ಎಸ್ಟೀಮ್ ಕಾರನ್ನು ಮೊದಲಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಪೆಟ್ರೋಲ್ ಚಿಮುಕಿಸುವ) ಇಂಜೆಕ್ಷನ್ ವ್ಯವಸ್ಥೆಗೆ ಮರಳಿಸಿಕೊಡುವ ಕುರಿತು.

ಮಾನ್ಯರೇ,

ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಆಗುತ್ತದೆ, ಚೆಕ್ ಇಂಜಿನ್ ದೀಪ ಆರುತ್ತಿಲ್ಲ ಎಂಬ ಎರಡೇ ತೊಂದರೆಗಳನ್ನು ಹೇಳಿ ನನ್ನ ಕಾರನ್ನು ತಮ್ಮ ಗ್ಯಾರೇಜಿನಲ್ಲಿ ಬಿಟ್ಟಿದ್ದೆ. ಜಾಬ್ ಕಾರ್ಡಿನಲ್ಲಿ ನಾನು ಸಹಿ ಹಾಕಿದ್ದು ‘ಇಂಜಿನ್ ಚೆಕಪ್’ ಎಂಬ ಒಂದು ಸಾಲಿಗೆ ಮಾತ್ರ. ಕಾರು ವಾಪಸು ಪಡೆದು ಬಾನೆಟ್ ಎತ್ತಿದಾಗ ಪೆಟ್ರೋಲ್ ಚಿಮುಕಿಸುವ ನಾಲ್ಕು ಇಂಜೆಕ್ಟರ್‌ಗಳೂ ಮಾಯವಾಗಿದ್ದವು. ಅವುಗಳ ತೂತುಗಳಿಗೆ ಬಿರಡೆ ಹಾಕಿ, ಗಾಳಿಯ ಹರಿವನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಇದ್ದ ಜಾಗದಲ್ಲಿ ಹಳೆಯ ಕಾರ್ಬ್ಯುರೇಟರ್ (ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಸಾಧನ) ಒಂದನ್ನು ಅಡಾಪ್ಟರ್ ಪ್ಲೇಟಿನ ಮೇಲೆ ಕೂರಿಸಲಾಗಿತ್ತು. ಕತ್ತರಿಸಿದ ಸೆನ್ಸರ್ ವೈರುಗಳನ್ನು ಟೇಪು ಸುತ್ತಿ ಬ್ಯಾಟರಿಯ ಪಕ್ಕಕ್ಕೆ ತುರುಕಲಾಗಿತ್ತು. ಬಿಲ್ಲಿನಲ್ಲಿ ಇದಕ್ಕೆಲ್ಲ ಇರುವ ವಿವರ ‘ಫ್ಯುಯೆಲ್ ಸಿಸ್ಟಂ ಕೆಲಸ’ ಎಂದಷ್ಟೇ.

ಕೇಳಿದ್ದಕ್ಕೆ ತಮ್ಮ ಮೇಸ್ತ್ರಿಯವರು, ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಪೂರ್ತಿ ಸತ್ತಿದೆ, ಹೊಸದು ಸಿಗುವುದಿಲ್ಲ, ಕಾರ್ಬ್ಯುರೇಟರ್ ಆದರೆ ಯಾವ ಊರಿನಲ್ಲೂ ರಿಪೇರಿಯಾಗುತ್ತದೆ ಎಂದರು. ಆದರೆ ಈ ಇಂಜಿನ್‌ನಲ್ಲಿ ಪೆಟ್ರೋಲಿನ ಪ್ರಮಾಣವನ್ನಷ್ಟೇ ಅಲ್ಲ, ಸ್ಪಾರ್ಕ್ ಯಾವ ಕ್ಷಣದಲ್ಲಿ ಬೀಳಬೇಕೆಂಬುದನ್ನೂ ನಿರ್ಧರಿಸುವುದು ಇಸಿಯುವೇ, ಮತ್ತು ಇಂದಿಗೂ ನನ್ನ ಕಾರಿನ ಇಗ್ನಿಷನ್ ಕಾಯಿಲ್‌ಗೆ ಸಂಕೇತ ಹೋಗುತ್ತಿರುವುದು ಅದೇ ಹಳೆಯ ಇಸಿಯುವಿನಿಂದ. ಸತ್ತ ಇಸಿಯು ಸ್ಪಾರ್ಕ್ ಕೊಡುವುದಾದರೂ ಹೇಗೆ? ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ (ಐಡಲ್) ಗಾಳಿ ಬಿಡುವ ಐಡಲ್ ಕವಾಟದಲ್ಲಿ ಇಂಗಾಲ ಕಟ್ಟಿದರೂ, ಒಂದು ಸೆನ್ಸರಿನ ವೈರು ಸಡಿಲವಾದರೂ ಇಂಜಿನ್ ಹೀಗೆಯೇ ನಿಲ್ಲುತ್ತದೆ. ಇಸಿಯುವಿನಲ್ಲಿ ದಾಖಲಾದ ದೋಷಸಂಕೇತವನ್ನು ಓದಿದ ಒಂದು ಚೀಟಿಯೂ ತಮ್ಮ ಬಳಿ ಇಲ್ಲದಿರುವುದರಿಂದ, ಪರೀಕ್ಷೆಯನ್ನೇ ಮಾಡದೆ ಇಡೀ ವ್ಯವಸ್ಥೆಯನ್ನು ಕಿತ್ತುಹಾಕಲಾಗಿದೆ ಎಂದೇ ನಾನು ತಿಳಿಯಬೇಕಾಗಿದೆ.

ಈಗಿನ ಸ್ಥಿತಿ ಅಪಾಯಕಾರಿಯಾಗಿದೆ. ಇಂಜೆಕ್ಷನ್ ಕಾರಿನ ಟ್ಯಾಂಕಿನೊಳಗಿನ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹೆಚ್ಚಾಗದಂತೆ ಮುಚ್ಚುವ ಫ್ಲೋಟ್ ಸೂಜಿ ತಡೆಯಬಲ್ಲದ್ದು ಅದರ ಹತ್ತನೇ ಒಂದು ಭಾಗದ ಆಸುಪಾಸು. ತಾವು ಹಳೆಯ ಪಂಪನ್ನೇ ಉಳಿಸಿ, ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕದೆ ನೇರವಾಗಿ ಜೋಡಿಸಿದ್ದೀರಿ. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರಿನ ಬುಡ ಒದ್ದೆಯಾಗಿರುತ್ತದೆ, ಕಾರಿನೊಳಗೆ ಕುಳಿತವರ ಮೂಗಿಗೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಕಾರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗಲು ನನಗೆ ಧೈರ್ಯವಿಲ್ಲ. ಅಲ್ಲದೆ ಈ ಇಂಜಿನ್ನಿನ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಹೋಗುವ ಕೊಳವೆಗಳು) ಗಾಳಿಯನ್ನು ಮಾತ್ರ ಸಾಗಿಸಲು ಮಾಡಿದ್ದು. ಅದರಲ್ಲಿ ಪೆಟ್ರೋಲ್ ಬೆರೆತ ಗಾಳಿ ಹರಿದರೆ ತಣ್ಣಗಿನ ಬೆಳಗಿನಲ್ಲಿ ಪೆಟ್ರೋಲ್ ಗೋಡೆಗಂಟಿ ನಿಂತು, ನಾಲ್ಕು ಸಿಲಿಂಡರುಗಳಿಗೂ ಸಮನಾಗಿ ಸೇರುವುದಿಲ್ಲ. ಹಲವು ಸೆನ್ಸರುಗಳ ಮಾಹಿತಿಯಿಲ್ಲದ ಇಸಿಯು ಸ್ಪಾರ್ಕಿಗೆ ಅಂದಾಜಿನ ಟೈಮಿಂಗ್ ಕೊಡುತ್ತಿರುವುದರಿಂದ ಫ್ಲೈಓವರ್ ಏರುವಾಗಲೂ ಎಳೆತವಿಲ್ಲ.

ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಇದ್ದಾಗ ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ ಸುಮಾರು 14.7:1ರ ಬಳಿ ನಿಲ್ಲುತ್ತಿತ್ತು, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಲು ಅದು ಅಗತ್ಯ. ಈಗ ಬಂಕುಗಳಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲಿಗೆ ಇಂಜೆಕ್ಷನ್ ವ್ಯವಸ್ಥೆ ಒಂದು ಮಿತಿಯವರೆಗೆ ತಾನಾಗಿ ಹೊಂದಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ನಿಗದಿತ ಅಳತೆಯ ಜೆಟ್‌ಗಳಿಗೆ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರಗಳಿಗೆ) ಅದು ಸಾಧ್ಯವಿಲ್ಲ. ಬಿಎಸ್-2 ಮತ್ತು ಬಿಎಸ್-3 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5 ಮೀರಬಾರದೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ. ಹಿಂದೆ ಸಲೀಸಾಗಿ ಪಾಸಾಗುತ್ತಿದ್ದ ನನ್ನ ಕಾರು ಈಗ ಎಮಿಷನ್ ಟೆಸ್ಟಿನಲ್ಲಿ ಫೇಲಾಗಿದೆ. ದಂಡ ಕಟ್ಟಬೇಕಾದವನು ನಾನು, ಆರ್‌ಸಿ ನವೀಕರಣಕ್ಕೆ ಹೋದಾಗ ಆರ್‌ಟಿಓ ಕಚೇರಿಯಲ್ಲಿ ಉತ್ತರ ಹೇಳಬೇಕಾದವನೂ ನಾನೇ.

ಮತ್ತೊಮ್ಮೆ ಟ್ಯೂನ್ ಮಾಡಿಕೊಡುತ್ತೇವೆ ಎಂಬ ತಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಿತ್ತ ಇಂಜೆಕ್ಟರ್‌ಗಳು, ಫ್ಯುಯೆಲ್ ರೈಲ್, ಥ್ರಾಟಲ್ ಬಾಡಿ, ಸೆನ್ಸರ್‌ಗಳನ್ನು ಮರಳಿ ಜೋಡಿಸಿ, ವೈರಿಂಗ್ ಸರಿಪಡಿಸಿ, ಮೂಲ ದೋಷವನ್ನು ಸ್ಕ್ಯಾನರ್‌ನಿಂದ ಪರೀಕ್ಷಿಸಿ ಲಿಖಿತ ವರದಿ ಕೊಡಬೇಕು. ಯಾವುದಾದರೂ ಭಾಗ ಗುಜರಿಗೆ ಹೋಗಿದ್ದರೆ ಅದನ್ನು ತಮ್ಮ ಖರ್ಚಿನಲ್ಲೇ ತರಿಸಬೇಕು. ನಾನು ಹೇಳದ ಕೆಲಸಕ್ಕೆ ವಸೂಲಿ ಮಾಡಿದ ಪೂರ್ತಿ ಹಣವನ್ನೂ ಹಿಂದಿರುಗಿಸಬೇಕು. ಕಾರನ್ನು ಓಡಿಸಿಕೊಂಡು ಬರುವ ಸ್ಥಿತಿಯಿಲ್ಲದ ಕಾರಣ ಟೋಯಿಂಗ್ ವ್ಯವಸ್ಥೆಯೂ ತಮ್ಮದೇ. ಈ ಪತ್ರ ತಲುಪಿದ 15 ದಿನಗಳೊಳಗೆ ಕ್ರಮವಾಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾಖಲಿಸುತ್ತೇನೆ.

ಜಾಬ್ ಕಾರ್ಡ್, ಬಿಲ್ಲು, ಎಮಿಷನ್ ಟೆಸ್ಟಿನ ವರದಿ ಮತ್ತು ಇಂಜಿನ್ನಿನ ಫೋಟೋಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಕಾರಿನ ಮಾಲೀಕ