ತೋಡಿನ ಬಾಯಲ್ಲಿ ಪಾಯ ತೆಗೆಸಬೇಡಿ

ಲೊಯ್ಕ್, ಸ್ವಿಟ್ಜರ್‌ಲ್ಯಾಂಡ್

ಅಪ್ಪನಿಗೆ ನಮಸ್ಕಾರ. ನಾನು ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆಯೆಂದು ಓದಿ ಸಮಾಧಾನವಾಯಿತು. ಆದರೆ ಪ್ರವೀಣನ ಮನೆಗೆ ತೋಡು ಗದ್ದೆಗೆ ಇಳಿಯುವಲ್ಲಿನ ಆ ಸಮತಟ್ಟು ಜಾಗವನ್ನೇ ಗೊತ್ತು ಮಾಡಿದ್ದೀರಿ ಅಂದಿರಲ್ಲ, ಅದೇ ಚಿಂತೆಯಾಗಿದೆ. 40 ವರ್ಷದಿಂದ ತೋಡು ಅತ್ತ ಬಂದಿಲ್ಲ ಅನ್ನುತ್ತೀರಿ. ಆ ಜಾಗ ಸಮತಟ್ಟಾದದ್ದೇ ತೋಡು ತಂದು ಸುರಿದ ಮಣ್ಣಿನಿಂದ ಇರಬಹುದಲ್ಲ ಅಪ್ಪ?

ಇಲ್ಲಿ ಇಲ್‌ಗ್ರಾಬೆನ್ ಅಂತ ಒಂದು ಕೊರಕಲಿದೆ. ಮೇಲಿನ ಇಲ್‌ಹಾರ್ನ್ ಬೆಟ್ಟ 2,700 ಮೀಟರಿಗೂ ಎತ್ತರ. ಅದರಿಂದ ಕಳಚಿದ ಕಲ್ಲುಮಣ್ಣು ಕೊರಕಲಲ್ಲಿ ಸೇರಿ, ಬೇಸಿಗೆಯ ಗುಡುಗುಮಳೆಗೆ ಕಲಸಿದ ಕಾಂಕ್ರೀಟಿನ ಹಾಗೆ ಇಳಿಯುತ್ತದೆ, ವರ್ಷಕ್ಕೆ ಹಲವು ಸಲ. ಘನ ಮೀಟರಿಗೆ ಸುಮಾರು 2 ಟನ್ ತೂಕ. ಮುಂದೆ ಬಂಡೆಗಳು, ಹಿಂದೆ ತೆಳು ಕೆಸರು. ಬಂಡೆಗಳು ತಳವನ್ನೇ ಕಿತ್ತುಕೊಂಡು ಬರುವುದರಿಂದ ದಾರಿಯುದ್ದಕ್ಕೂ ಹಿಗ್ಗುತ್ತದೆ. ತಳ ಮೊದಲೇ ನೆನೆದಿದ್ದರೆ ಇನ್ನೂ ಹೆಚ್ಚು. ಕಡಿದಾದ ಕಣಿವೆಗಳನ್ನು ಆಳವಾಗಿ ಕೊರೆಯುವುದರಲ್ಲಿ ದಿನನಿತ್ಯದ ನೀರಿಗಿಂತ ಈ ಕಲ್ಲುಕೆಸರಿನ ಹರಿವಿನದೇ ದೊಡ್ಡ ಪಾಲು.

ಇಳಿಜಾರು ಕಡಿಮೆಯಾದಲ್ಲಿ ಬಂಡೆಗಳು ನಿಂತು ಎರಡೂ ಬದಿ ಏರಿ ಕಟ್ಟುತ್ತವೆ, ಹಳೇ ದಾರಿ ಮುಚ್ಚಿಹೋಗುತ್ತದೆ. ಮುಂದಿನ ಸಲ ಬೇರೆ ಕಡೆ ಹೊರಳುತ್ತದೆ. ಸಾವಿರಾರು ವರ್ಷ ಹೀಗೆ ಎಡಕ್ಕೂ ಬಲಕ್ಕೂ ಸುರಿದು ಆದ ಬೀಸಣಿಗೆ ಆಕಾರದ ದಿಬ್ಬ ಇಲ್ಲಿ ರೋನ್ ನದಿಯನ್ನೇ ಆಚೆ ಬದಿಗೆ ತಳ್ಳಿದೆ. ಇವರು ಹಳ್ಳಕ್ಕೆ ಅಡ್ಡ ಸುಮಾರು 30 ಕಟ್ಟೆ ಕಟ್ಟಿದ್ದಾರೆ, ಕಂಪನ ಹಿಡಿಯುವ ಯಂತ್ರ, ಕೆಂಪು ದೀಪ, ಸೈರನ್ ಎಲ್ಲ ಇಟ್ಟಿದ್ದಾರೆ. ದಾಟಲು ಭೂತಾನ್ ಮಾದರಿಯ ತೂಗುಸೇತುವೆ! ಸ್ವಿಸ್ ಇಂಜಿನಿಯರುಗಳ ಊರಲ್ಲಿ ಭೂತಾನಿನ ಸೇತುವೆ ನೋಡಿದರೆ ನೀವೂ ನಗುತ್ತೀರಿ.

ಜೆಸಿಬಿ ಕರೆಸುವ ಮೊದಲು ಅಲ್ಲಿ ಎಂಟಡಿ ಗುಂಡಿ ತೆಗೆಸಿ. ಅಂಚು ಸವೆಯದ ದೊಡ್ಡ ಕಲ್ಲು, ಜಲ್ಲಿ, ಜೇಡಿ ಎಲ್ಲ ಪದರವಿಲ್ಲದೆ ಕಲಸಿಕೊಂಡಿದ್ದರೆ ಆ ಜಾಗದ ಮಾತೇ ಬೇಡ. ನೀರು ಹಾಸಿದ ಮರಳು, ನುಣುಪುಗಲ್ಲು ಪದರಪದರವಾಗಿ ಸಿಕ್ಕರೂ ಪೂರ್ತಿ ನಂಬಬೇಡಿ. ಮೇಲಿನ ಎಸ್ಟೇಟಿನಲ್ಲಿ ಹೊಸ ರಸ್ತೆಗೆ ಗುಡ್ಡದ ಬರೆ ಕಡಿದ ಮಣ್ಣನ್ನು ತೋಡಿಗೆ ತಳ್ಳಿದ್ದಾರಾ, ರಸ್ತೆಯ ನೀರು ಎಲ್ಲಿಗೆ ಬಿಟ್ಟಿದ್ದಾರೆ, ನೋಡಿ ಬನ್ನಿ. ಪೈಪಿನ ಮೋರಿಗೆ ಒಂದು ಮರ ಅಡ್ಡ ಸಿಕ್ಕರೂ ಹಿಂದೆ ಕಟ್ಟಿಕೊಂಡು ಒಡೆಯುತ್ತದೆ. ಪ್ರವೀಣ ಹೇಳುವ ಆರಡಿ ಗೋಡೆ ಇದಕ್ಕೆಲ್ಲ ಏನೂ ಅಲ್ಲ. 2018ರಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ನಿಮಗೇ ಗೊತ್ತು. 2024ರ ಜುಲೈ 30ರಂದು ವಯನಾಡಿನಲ್ಲಿ ಕುಸಿದದ್ದು ಹೊಳೆಗುಂಟ ಸುಮಾರು 8 ಕಿ.ಮೀ. ಹರಿಯಿತು.

ಜೋರು ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಆಗ ತೋಡಿನ ಗುಂಟ ಕೆಳಗೆ ಓಡಬಾರದು, ಪಕ್ಕದ ಏರು ಹತ್ತಬೇಕು.

ಕಣದ ಪಕ್ಕದ ಏಣಿನ ಮೇಲೆ ಜಾಗ ಚಿಕ್ಕದಾದರೂ ಪರವಾಗಿಲ್ಲ, ಅಲ್ಲೇ ಕಟ್ಟಲಿ. ಹೆಚ್ಚಿನ ಖರ್ಚು ನಾನು ಕಳಿಸುತ್ತೇನೆ. ಅಮ್ಮನಿಗೆ ಹೇಳಿ, ನಾನಿರುವ ಮನೆ ಆ ಕೊರಕಲಿನ ಹತ್ತಿರವೇ ಇಲ್ಲ, ನದಿಯಾಚೆ ಎತ್ತರದಲ್ಲಿದೆ, ಏನೇನೂ ಭಯವಿಲ್ಲ, ಊಟವೂ ಸರಿಯಾಗಿದೆ, ಚಳಿಗೆ ಸ್ವೆಟರೂ ಇದೆ. ಬಸ್ಸಿಗೆ ಹೊತ್ತಾಯಿತು. ಗುಂಡಿಯ ಫೋಟೊ ತಪ್ಪದೆ ಕಳಿಸಿ.

ನಿಮ್ಮ,
ಸುಮಾ