ಮಾಲೆ ತಡೆದ ಮಣಿ

ಮೊನ್ನೆ ಮಂಗಳವಾರ ರಿಪೋರ್ಟ್ ಕೈಗೆ ಬಂತು. ಎಚ್‌ಸಿವಿ ಆರ್‌ಎನ್‌ಎ: ನಾಟ್ ಡಿಟೆಕ್ಟೆಡ್. ಅಂದರೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನ ವಂಶವಾಹಿ ರಕ್ತದಲ್ಲಿ ಸಿಗಲಿಲ್ಲ. ಮಾತ್ರೆ ಮುಗಿದು ಹನ್ನೆರಡು ವಾರ ಆದ ಮೇಲೂ ರಕ್ತದಲ್ಲಿ ವೈರಸ್ ಸಿಗದಿದ್ದರೆ ವಾಸಿಯಾದ ಹಾಗೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಆ ಹಾಳೆಯನ್ನು ನಾಲ್ಕು ಸಲ ಓದಿದೆ.

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗಲೇ ಹೆಪಟೈಟಿಸ್ ಸಿ ಇರೋದು ಗೊತ್ತಾಗಿದ್ದು. ಡಾಕ್ಟರ್ ಹಿಂದಿನದೆಲ್ಲ ಕೇಳುತ್ತಾ ಹೋದರು. 1991ರ ಹೆರಿಗೆಯಲ್ಲಿ ನನಗೆ ಮೂರು ಬಾಟಲಿ ರಕ್ತ ಹಾಕಿದ್ದು ನೆನಪಾಯಿತು. ಆಗ ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯ ಇರಲಿಲ್ಲ. ನಿಮ್ಮಲ್ಲೂ ಯಾರಾದರೂ ಆ ಕಾಲದಲ್ಲಿ ರಕ್ತ ತೆಗೆದುಕೊಂಡಿದ್ದರೆ ಒಂದು ಸಲ ಟೆಸ್ಟ್ ಮಾಡಿಸಿಬಿಡಿ. ನನ್ನ ಲಿವರ್ ಇಷ್ಟು ವರ್ಷ ಒಂದು ಸಲವೂ ನೋವು ಅಂದಿರಲಿಲ್ಲ. ಆ ರಕ್ತ ಕೊಟ್ಟವರ ಮೇಲೆ ಸಿಟ್ಟಿದೆಯಾ ಅಂತ ಕೇಳಿದವರುಂಟು. ಅವರು ಕೊಡದಿದ್ದರೆ ನಾನು ಅವತ್ತೇ ಹೋಗಿರುತ್ತಿದ್ದೆ. ಮೊದಲ ಥ್ಯಾಂಕ್ಸ್ ಅವರಿಗೇ.

ಉಳಿದ ಹೆಸರುಗಳನ್ನು ಹೇಳಿಕೊಟ್ಟವಳು ಬಯೋಟೆಕ್ ಓದಿರುವ ನನ್ನ ಅಣ್ಣನ ಮಗಳು. 1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಅನ್ನೋ ಡಾಕ್ಟರ್, ರಕ್ತ ಹಾಕಿಸಿಕೊಂಡವರಿಗೆ ಲಿವರ್ ಕಾಯಿಲೆ ಯಾಕೆ ಬರುತ್ತಿದೆ ಅಂತ ಹುಡುಕುತ್ತಿದ್ದರು. ಹೆಪಟೈಟಿಸ್ ಎ ಅಲ್ಲ, ಬಿ ಕೂಡ ಅಲ್ಲ. ಕಡೆಗೆ ಕಾಯಿಲೆಗೆ ಹೆಸರೂ 'ಎ ಅಲ್ಲ, ಬಿ ಅಲ್ಲ' ಅಂತಲೇ ಆಯಿತು! ಕ್ಯಾಲಿಫೋರ್ನಿಯಾದ ಒಂದು ಕಂಪನಿಯಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಕೂತು, ಕಾಯಿಲೆ ಅಂಟಿದ ಚಿಂಪಾಂಜಿಯ ರಕ್ತದಿಂದ ತೆಗೆದ ವಂಶವಾಹಿ ಚೂರುಗಳನ್ನು ಜಾಲಾಡಿದರು. ಸುಮಾರು ಹತ್ತು ಲಕ್ಷ ಚೂರುಗಳಲ್ಲಿ ಒಂದು ಸಿಕ್ಕಿತಂತೆ. ಅಕ್ಕಿ ಆರಿಸಿದವರಿಗೆ ಆ ಕಷ್ಟ ಗೊತ್ತು. 1989ರಲ್ಲಿ ವೈರಸ್‌ಗೆ ಹೆಸರು ಬಂತು, ರಕ್ತದ ಟೆಸ್ಟೂ ಬಂತು.

2020ರ ನೊಬೆಲ್ ಆಲ್ಟರ್, ಹೌಟನ್, ಮತ್ತು ಈ ವೈರಸ್ ಒಂದರಿಂದಲೇ ಕಾಯಿಲೆ ಬರುತ್ತದೆ ಅಂತ ತೋರಿಸಿಕೊಟ್ಟ ಚಾರ್ಲ್ಸ್ ರೈಸ್ ಈ ಮೂವರಿಗೆ ಸಿಕ್ಕಿತು. ಚೂ, ಕುವೊ ಹೊರಗೇ ಉಳಿದರು. ಅವರಿಬ್ಬರನ್ನು ಬಿಟ್ಟರು ಅಂತಲೇ ಹೌಟನ್ 2013ರಲ್ಲಿ ಕೆನಡಾದ ದೊಡ್ಡ ಬಹುಮಾನವೊಂದನ್ನು ಬೇಡ ಅಂದಿದ್ದರಂತೆ. ನನಗೆ ಹಿಡಿಸಿದ ಮನುಷ್ಯ. ಜರ್ಮನಿಯ ರಾಲ್ಫ್ ಬಾರ್ಟೆನ್‌ಶ್ಲಾಗರ್ ಅವರನ್ನೂ ಮರೆಯೋ ಹಾಗಿಲ್ಲ. 1999ರಲ್ಲಿ ಅವರ ತಂಡ ಈ ವೈರಸ್ಸಿನ ಆರ್‌ಎನ್‌ಎ ಲ್ಯಾಬಿನ ಜೀವಕೋಶಗಳಲ್ಲೇ ನಕಲಾಗುವಂತೆ ಮಾಡಿತು. ಅಲ್ಲಿಯವರೆಗೆ ಔಷಧಿ ಪರೀಕ್ಷಿಸಲು ಸರಿಯಾದ ದಾರಿಯೇ ಇರಲಿಲ್ಲ. ಆ ಚಿಂಪಾಂಜಿಗೆ ಥ್ಯಾಂಕ್ಸ್ ಹೇಳುವುದು ಹೇಗೋ ಗೊತ್ತಾಗುತ್ತಿಲ್ಲ. ಅದನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ, ಅಲ್ವಾ?

ನಾನು ತಿಂದದ್ದು ದಿನಕ್ಕೆ ಎರಡು ಮಾತ್ರೆ, ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್. 84 ದಿನ. ವೈರಸ್ ತನ್ನ ನಕಲು ಮಾಡುವುದು ಮಣಿ ಪೋಣಿಸಿದ ಹಾಗಂತೆ. ಸೊಫೊಸ್ಬುವಿರ್ ಆ ಮಣಿಗಳ ಮಧ್ಯೆ ಸೇರಿಕೊಳ್ಳುವ ಕಳ್ಳ ಮಣಿ. ಈ ಕಡೆ ತೂತಿದೆ, ಆ ಕಡೆ ಇಲ್ಲ. ದಾರ ಮುಂದೆ ಹೋಗೋದು ಹೇಗೆ? ಮಾಲೆ ಅಲ್ಲಿಗೇ ನಿಂತಿತು. 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ ಈ ಮಾತ್ರೆ ಒಂದಕ್ಕೆ 1000 ಡಾಲರ್. ಆಮೇಲೆ ನಮ್ಮ ದೇಶದ ಕಂಪನಿಗಳೇ ಮಾಡತೊಡಗಿದವು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ನನಗದು ಪುಕ್ಕಟೆ ಸಿಕ್ಕಿತು. ಪ್ರತಿ ತಿಂಗಳು ಡಬ್ಬಿ ಕೊಡುವಾಗ 'ಒಂದು ದಿನವೂ ತಪ್ಪಿಸಬೇಡಿ ಅಮ್ಮಾ' ಅನ್ನುತ್ತಿದ್ದ ಫಾರ್ಮಸಿಯ ಹುಡುಗನಿಗೆ ನಮಸ್ಕಾರ.

ಮನೆಯ ಸಂಗತಿಯೂ ಒಂದಿದೆ. ಸುದ್ದಿ ತಿಳಿದ ವಾರವೇ ನೆಂಟರೊಬ್ಬರು ನನ್ನ ಲೋಟ ಬೇರೆ ಇಡಿಸಿದರು. ಈ ಕಾಯಿಲೆ ಎಂಜಲಿನಿಂದ ಹರಡಲ್ಲ ಅಂದರೂ ಕೇಳಲಿಲ್ಲ. ನನ್ನ ಸೊಸೆ ಮಾತಾಡಲಿಲ್ಲ. ಅವರೆದುರಿಗೇ ನಾನು ಅರ್ಧ ಕುಡಿದಿಟ್ಟ ಕಾಫಿ ಎತ್ತಿಕೊಂಡು ಸುಮ್ನೆ ಕುಡಿದಳು. ಸಕ್ಕರೆ ಜಾಸ್ತಿ ಆಯ್ತು ಅತ್ತೆ, ಅಂದಳು.

ಮುಂದಿನ ವಾರ ಕಣ್ಣಿನ ಆಪರೇಷನ್. ಅಲ್ಲಿ ಮತ್ತೆ ಅದೇ ಟೆಸ್ಟ್ ಮಾಡುತ್ತಾರೆ, ಮತ್ತೆ ಪಾಸಿಟಿವ್ ಬರುತ್ತದೆ. ಆ ಟೆಸ್ಟ್ ನೋಡೋದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಯನ್ನು; ವಾಸಿಯಾದರೂ ಅದು ರಕ್ತದಲ್ಲಿ ಉಳಿದಿರುತ್ತದಂತೆ. ಅದಕ್ಕೇ ಮೊನ್ನೆಯ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಇಪ್ಪತ್ತು ರೂಪಾಯಿ ಆಯಿತು. ಮಾತ್ರೆ ಸರ್ಕಾರದ್ದು, ಹೆಂಗಸರಿಗೆ ಬಸ್ಸೂ ಫ್ರೀ. ಇಡೀ ಚಿಕಿತ್ಸೆಗೆ ನನ್ನ ಪರ್ಸಿನಿಂದ ಹೋದದ್ದು ಅಷ್ಟೇ.