ಬೋರಾಕಾಯ್ ಹೋಟೆಲ್ ಬುಕ್ ಮಾಡೋ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಫಿಲಿಪ್ಪೀನ್ಸ್ ಪ್ರವಾಸಕ್ಕೆ ಗ್ರೂಪಿನಲ್ಲಿ ಹೋಟೆಲ್ ಲಿಂಕ್‌ಗಳು ಬರ್ತಾನೇ ಇವೆ. ಎಲ್ಲರೂ ಈಜುಕೊಳದ ಫೋಟೊ ಹಾಕುತ್ತಿದ್ದೀರಿ, ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಿಲ್ಲ ಅಲ್ವಾ?

ಬೋರಾಕಾಯ್ ಸುಮಾರು 10 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಕೊಳಚೆ ಸಮುದ್ರ ಸೇರಿದ್ದಕ್ಕೇ 2018ರ ಏಪ್ರಿಲ್ 26ರಿಂದ ಆರು ತಿಂಗಳು ಸರ್ಕಾರ ಅದನ್ನು ಪ್ರವಾಸಿಗರಿಗೆ ಮುಚ್ಚಿತ್ತು. ಮಳೆನೀರಿನ ಚರಂಡಿಗೆ ಕೆಲವರು ಕಳ್ಳತನದಲ್ಲಿ ಕಕ್ಕಸಿನ ಪೈಪು ಜೋಡಿಸಿದ್ದರು. ಮತ್ತೆ ತೆರೆದಾಗ ಒಂದು ಸಲಕ್ಕೆ 19,215 ಪ್ರವಾಸಿಗರಿಗಷ್ಟೇ ಜಾಗ ಅಂತ ಮಿತಿ ಇಟ್ಟರು.

ವಾಸನೆ, ರೋಗಾಣು ಮಾತ್ರ ಸಮಸ್ಯೆ ಅಲ್ಲ. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ. ಪಾಚಿಗೆ ಅದು ಗೊಬ್ಬರ. ಹವಳಕ್ಕೆ ಬೇಕಾದ್ದು ಪೋಷಕಾಂಶ ಕಡಿಮೆ ಇರುವ ತಿಳಿ ನೀರು. ಪಾಚಿ ಜಾಸ್ತಿಯಾದರೆ ಹವಳವನ್ನೇ ಮುಚ್ಚಿಬಿಡುತ್ತದೆ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಸಾಕು ಅಂದುಕೊಳ್ಳಬೇಡಿ. ಅದರಲ್ಲಿ ಗಸಿ ಕೆಳಗೆ ಕೂರುತ್ತದೆ, ಸಾರಜನಕ ಮಾತ್ರ ನೀರಿನ ಜೊತೆ ಮರಳಿಗೆ ಇಳಿಯುತ್ತದೆ. ಇಷ್ಟು ಚಿಕ್ಕ ದ್ವೀಪದಲ್ಲಿ ಸಮುದ್ರ ಎಷ್ಟು ದೂರ ಹೇಳಿ! ಸಾಮಾನ್ಯ ಶುದ್ಧೀಕರಣ ಘಟಕದಲ್ಲೂ ಸಾರಜನಕ, ರಂಜಕ ಪೂರ್ತಿ ಹೋಗಲ್ಲ, ಅದಕ್ಕೆ ಬೇರೆ ಹಂತವೇ ಬೇಕು.

ಹಾಗಾಗಿ ಲಿಂಕ್ ಹಾಕುವವರು ಹೋಟೆಲಿಗೆ ಮೊದಲು ಒಂದು ಮೇಲ್ ಕಳಿಸಿ. ಒಳಚರಂಡಿ ಸಂಪರ್ಕ ಇದೆಯಾ, ಸ್ವಂತ ಘಟಕವಾ, ಸಂಸ್ಕರಿಸಿದ ನೀರನ್ನು ತೋಟಕ್ಕೆ ಬಳಸ್ತಾರಾ ಅಂತ ಕೇಳಿ. ಉತ್ತರದ ಸ್ಕ್ರೀನ್‌ಶಾಟನ್ನೂ ಇಲ್ಲೇ ಹಾಕಿ. ಸುಮ್ನೆ ‘ಇಕೋ ರೆಸಾರ್ಟ್’ ಅಂತ ಬೋರ್ಡ್ ಇದ್ದರೆ ನನಗಂತೂ ನಂಬಿಕೆ ಬರಲ್ಲ. ಯಾವ ಹೋಟೆಲ್ ಅಂತ ಭಾನುವಾರ ಸಂಜೆ ವೋಟ್ ಹಾಕೋಣ.